ಚಿರೇಕಲ್ಲಿನ ಧೂಳು, ಆರು ಮೀಟರಿನ ಲೆಕ್ಕ

ಕುಮಟಾ ಹತ್ತಿರ ನಮ್ಮ ಮನೆ ಹಿಂದಿನ ಬೇಣದಲ್ಲಿ (ಹುಲ್ಲುಗಾವಲಿನಲ್ಲಿ) ಒಂದು ಚಿರೇಕಲ್ಲು (ಜಂಬಿಟ್ಟಿಗೆ) ಕ್ವಾರಿ ಇದೆ. ಹಳಿ ಮೇಲೆ ಓಡುವ ಯಂತ್ರದ ಬ್ಲೇಡು ನೆಲಕ್ಕೆ ತಾಗಿತೋ, ಕೆಂಪು ಧೂಳು ಏಳುತ್ತದೆ. ಸಂಜೆ ಮನೆಗೆ ಹೊರಟವರ ಹುಬ್ಬು, ರೆಪ್ಪೆ ಎಲ್ಲ ಓಕುಳಿ ಆಡಿದ ಹಾಗೆ. ಮೂಗಿಗೆ ಒಂದು ಟವೆಲ್ಲು, ಅಷ್ಟೇ.

ಈ ಕೆಂಪು ನೋಡಿದರೆ ಯಾರಿಗಾದರೂ ಹೆದರಿಕೆ ಆಗುತ್ತದೆ, ಅಲ್ವಾ? ಆದರೆ ಶ್ವಾಸಕೋಶಕ್ಕೆ ಜಾಸ್ತಿ ಅಪಾಯ ಕಣ್ಣಿಗೆ ಕಾಣದ ಧೂಳಿನದು. ದಪ್ಪ ಕಣ ಮೂಗು, ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಸೀನಿದರೆ, ಉಗುಳಿದರೆ ಹೊರಗೆ. ತಳದ ಗಾಳಿಚೀಲದವರೆಗೆ ಸುಲಭವಾಗಿ ಇಳಿಯುವುದು 5 ಮೈಕ್ರಾನಿಗಿಂತ ಸಣ್ಣ ಕಣ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ತಲೆಗೂದಲೇ ಸುಮಾರು 70 ಮೈಕ್ರಾನ್ ದಪ್ಪ! ಆ ಕಣ ಮರಳು, ಗಟ್ಟಿ ಕಲ್ಲಿನಲ್ಲಿರುವ ಸಿಲಿಕಾ ಎಂಬ ಖನಿಜದ್ದಾದರೆ, ಅದನ್ನು ನುಂಗಲು ಬಂದ ರಕ್ಷಕ ಕೋಶವೇ ಸಾಯುತ್ತದೆ. ಕಣ ಮತ್ತೆ ಹೊರಬೀಳುತ್ತದೆ, ಇನ್ನೊಂದು ಕೋಶ ನುಂಗುತ್ತದೆ, ಅದೂ ಸಾಯುತ್ತದೆ. ಗಾಯದ ಮೇಲೆ ಗಾಯವಾಗಿ ಶ್ವಾಸಕೋಶ ಗಡುಸಾಗುತ್ತದೆ. ಇದೇ ಸಿಲಿಕೋಸಿಸ್. ಇದನ್ನು ವಾಸಿ ಮಾಡುವ ಔಷಧ ಇಲ್ಲ. ಕ್ಷಯ ಅಂದುಕೊಂಡು ವರ್ಷಗಟ್ಟಲೆ ಗುಳಿಗೆ ನುಂಗುವವರೂ ಇದ್ದಾರೆ.

ಚಿರೇಕಲ್ಲಿನ ಮಟ್ಟಿಗೆ ನಮ್ಮ ಮಳೆಯೇ ಒಂದು ಉಪಕಾರ ಮಾಡಿದೆ. ಲಕ್ಷಾಂತರ ವರ್ಷ ಸುರಿದು, ಸಿಲಿಕಾವನ್ನು ಬಹುಪಾಲು ತೊಳೆದು, ಕಬ್ಬಿಣ, ಅಲ್ಯೂಮಿನಿಯಂ ಉಳಿಸಿದೆ. ಆ ಕೆಂಪು ಕಬ್ಬಿಣದ್ದು. ಹಾಗಂತ ಧೂಳು ಕುಡಿದರೂ ಅಡ್ಡಿಲ್ಲ ಅಂತಲ್ಲ. ಜೆಲ್ಲಿಗೆ ಒಡೆಯುವ ಶಿಲೆಕಲ್ಲಿನಲ್ಲಿ ಮಾತ್ರ ಸಿಲಿಕಾ ಧಾರಾಳ. ಅದರ ಬೂದು ಧೂಳು ಮೈಮೇಲೆ ಇಷ್ಟು ಎದ್ದು ಕಾಣುವುದೂ ಇಲ್ಲ.

1961ರ ಲೋಹ ಗಣಿ ನಿಯಮಾವಳಿಯ ಲೆಕ್ಕ ನನಗೆ ಇಷ್ಟ. 15ನ್ನು ಧೂಳಿನಲ್ಲಿರುವ ಸಿಲಿಕಾದ ಶೇಕಡಾ ಪ್ರಮಾಣದಿಂದ ಭಾಗಿಸಿ. ಶೇ. 30 ಇದ್ದರೆ, ಒಂದು ಘನ ಮೀಟರ್ ಗಾಳಿಯಲ್ಲಿ ಸೂಕ್ಷ್ಮ ಧೂಳು ಅರ್ಧ ಮಿಲಿಗ್ರಾಂ ದಾಟಬಾರದು. ಜೊತೆಗೆ 1955ರ ಗಣಿ ನಿಯಮಗಳಲ್ಲಿ 5 ವರ್ಷಕ್ಕೊಮ್ಮೆ ಕೆಲಸಗಾರರ ವೈದ್ಯಕೀಯ ತಪಾಸಣೆ ಇತ್ತು. ಚೆನ್ನಾಗಿದೆ. ಆದರೆ ಅಳೆಯುವುದು ಯಾರ ಗಾಳಿಯನ್ನು?

1952ರ ಗಣಿ ಕಾಯ್ದೆಯಲ್ಲೇ ಒಂದು ಕಿಂಡಿ ಇತ್ತು. ಚಿರೇಕಲ್ಲು, ಕಟ್ಟಡದ ಕಲ್ಲು, ಜೆಲ್ಲಿಕಲ್ಲು ತೆಗೆಯುವ ತೆರೆದ ಹೊಂಡ 6 ಮೀಟರಿಗಿಂತ ಆಳ ಇರಬಾರದು, ದಿನಕ್ಕೆ 50 ಜನಕ್ಕಿಂತ ಜಾಸ್ತಿ ಇರಬಾರದು, ಮದ್ದು ಸಿಡಿಸಬಾರದು. ಮೂರೂ ಸರಿ ಇದ್ದರೆ ಕಾಯ್ದೆಯ ಹೆಚ್ಚಿನ ಭಾಗ ಅಲ್ಲಿಗೆ ಅನ್ವಯಿಸುತ್ತಿರಲಿಲ್ಲ. ಯಂತ್ರ ಇದೆಯಾ ಅಂತ ಕೇಳಿರಲೇ ಇಲ್ಲ. ಬರೆದವರ ಕಣ್ಣೆದುರು ಪಿಕಾಸಿ ಇದ್ದಿರಬೇಕು. 2020ರಲ್ಲಿ ಸಂಸತ್ತು ಈ ಕಾಯ್ದೆಯನ್ನೂ ಇನ್ನು ಹನ್ನೆರಡನ್ನೂ ಸೇರಿಸಿ ಒಂದೇ ಸಂಹಿತೆ ಮಾಡಿತು.

ಬೇಣದ ಹೊಂಡದ ಗೋಡೆಯಲ್ಲಿ ಬ್ಲೇಡಿನ ಗೆರೆಗಳು ಹಾಗೇ ಇವೆ. ಮೊನ್ನೆ ಸುಮ್ನೆ ಎಣಿಸಿದೆ. ಇಪ್ಪತ್ತಾರು ಸಾಲು, ಸಾಲಿಗೆ ಒಂಬತ್ತಿಂಚು. ಆರು ಮೀಟರಿಗೆ ಎರಡೂಕಾಲು ಇಂಚು ಕಡಿಮೆ.