ಜಿಂಕೆಯ ಮೂಗು, ಅಂಗಡಿಯ ಬಾಟಲಿ: ಬೇಟೆ ಕಲಿಯುವವರಿಗೆ ವಾಸನೆಯ ಟಿಪ್ಪಣಿ

ಅಮೆರಿಕದ ವರ್ಜೀನಿಯಾದಲ್ಲಿ ಬೇಟೆಯ ಲೈಸೆನ್ಸ್‌ಗಾಗಿ ಹಂಟರ್ ಎಜುಕೇಶನ್ ಕೋರ್ಸ್ ಓದುವಾಗ ಬರೆದುಕೊಂಡ ಟಿಪ್ಪಣಿ ಇದು. ಕೋರ್ಸಿನಲ್ಲಿ ಬಂದೂಕಿನ ಸುರಕ್ಷತೆಗೇ ಜಾಗ ಜಾಸ್ತಿ. ವಾಸನೆಯ ವಿಷಯವನ್ನು ನಾನೇ ಹುಡುಕಿ ಓದಿದೆ, ಮಿಕ್ಕಿದ್ದನ್ನು ಕಾಡಿನಲ್ಲಿ ಪೆಟ್ಟು ತಿಂದು ಕಲಿತೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಜಿಂಕೆ ಬೇಟೆ ಅಪರಾಧ. ಇಲ್ಲಿರುವುದೆಲ್ಲ ಅಮೆರಿಕದ ವೈಟ್‌ಟೇಲ್ (ಬಿಳಿ ಬಾಲದ) ಜಿಂಕೆಯ ಕಥೆ.

ಮೊದಲು ಜಿಂಕೆಯ ಮೈ

ಜಿಂಕೆಯನ್ನು ಸೆಳೆಯಲು, ನಮ್ಮ ಮೈವಾಸನೆ ಮುಚ್ಚಲು ಅಂಗಡಿಯಲ್ಲಿ ವಾಸನೆಯ ಬಾಟಲಿ ಸಿಗುತ್ತದೆ. ಅದನ್ನು ಕೊಳ್ಳುವ ಮೊದಲು ಜಿಂಕೆ ತಾನೇ ಎಲ್ಲೆಲ್ಲಿ ವಾಸನೆ ಬಿಡುತ್ತದೆ ಅಂತ ತಿಳಿದಿರಬೇಕು. ಗೊರಸಿನ ಸೀಳಿನ ನಡುವೆ ಒಂದು ಗ್ರಂಥಿ ಇದೆ. ನಡೆದಲ್ಲೆಲ್ಲ ಅದರ ಗುರುತು ಬೀಳುತ್ತದೆ. ಕಣ್ಣಿನ ಮುಂದೆ ಒಂದು, ಹಣೆಯ ಮೇಲೆ ಒಂದು. ಬೇಟೆಗಾರರು ಹೆಚ್ಚು ಮಾತಾಡುವುದು ಟಾರ್ಸಲ್ ಗ್ರಂಥಿಯ ಬಗ್ಗೆ. ಇದು ಹಿಂಗಾಲಿನ ಗಿಣ್ಣಿನ ಒಳಬದಿಯಲ್ಲಿರುವ ಒರಟು ಕೂದಲಿನ ಗೊಂಚಲು.

ಜಿಂಕೆ ಎರಡೂ ಹಿಂಗಾಲು ಹತ್ತಿರ ತಂದು, ಆ ಕೂದಲಿನ ಮೇಲೇ ಮೂತ್ರ ಹೊಯ್ದು, ಉಜ್ಜಿಕೊಳ್ಳುತ್ತದೆ. ಬೆದೆ ಕಾಲದಲ್ಲಿ ಗಂಡಿನ ಟಾರ್ಸಲ್ ಕೂದಲು ಕಪ್ಪಾಗಿ, ನಮ್ಮ ಮೂಗಿಗೂ ಹೊಡೆಯುವಷ್ಟು ನಾರುತ್ತದೆ. ಊರಲ್ಲಿ ಹೋತ ಸಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೋತವೂ ತನ್ನ ಗಡ್ಡಕ್ಕೂ ಮುಂಗಾಲಿಗೂ ತಾನೇ ಮೂತ್ರ ಹೊಯ್ದುಕೊಳ್ಳುತ್ತದಲ್ವಾ, ಅದೇ ಲೆಕ್ಕ.

ಇನ್ನೊಂದು ನಡವಳಿಕೆಯೂ ಹೋತನಲ್ಲಿ, ಕೋಣದಲ್ಲಿ ನೋಡಿರುತ್ತೀರಿ. ಹೆಣ್ಣಿನ ಮೂತ್ರ ಮೂಸಿ, ಮೂತಿ ಮೇಲೆತ್ತಿ, ಮೇಲ್ದುಟಿ ಮಡಚಿ ಸುಮ್ನೆ ನಿಂತುಬಿಡುವುದು. ಗಂಡು ಜಿಂಕೆಯೂ ಹಾಗೇ ಮಾಡುತ್ತದೆ. ಬಾಯಿಯ ಮೇಲ್ಭಾಗದಲ್ಲಿರುವ ಬೇರೆಯೇ ಒಂದು ಅಂಗಕ್ಕೆ ಆ ವಾಸನೆ ತಲುಪಿಸಿ, ಹೆಣ್ಣು ಬೆದೆಗೆ ಬಂದಿದೆಯಾ ಇಲ್ಲವಾ ಅಂತ ನೋಡುವ ಕ್ರಮ ಅದು.

ಸ್ಕ್ರೇಪ್ ಮತ್ತು ರಬ್

ಈ ಎರಡು ಪದ ಗಟ್ಟಿ ಮಾಡಿಕೊಳ್ಳಿ. ಗಂಡು ಜಿಂಕೆ ಕೊಂಬಿನಿಂದ ಮರದ ತೊಗಟೆ ಸುಲಿದು, ಹಣೆ ಉಜ್ಜಿ ಬಿಟ್ಟ ಗುರುತು ರಬ್. ನೆಲ ಕೆರೆದು ಎಲೆ ಸರಿಸಿ, ಮಣ್ಣು ತೆರೆದು, ಅದರಲ್ಲಿ ಮೂತ್ರ ಹೊಯ್ದ ಜಾಗ ಸ್ಕ್ರೇಪ್. ಸ್ಕ್ರೇಪಿನ ಮೇಲೆ ಹೆಚ್ಚುಕಮ್ಮಿ ಯಾವಾಗಲೂ ಒಂದು ಕೊಂಬೆ ಬಾಗಿರುತ್ತದೆ. ಅದನ್ನು ಜಿಂಕೆ ನೆಕ್ಕುತ್ತದೆ, ಕಚ್ಚುತ್ತದೆ, ಕಣ್ಣಿನ ಬಳಿಯ ಗ್ರಂಥಿ ತಾಗಿಸುತ್ತದೆ. ಹೊಸಬರು ನೆಲ ನೋಡಿ ಕೊಂಬೆ ಮರೆಯುತ್ತಾರೆ. ಕೃತಕ ಸ್ಕ್ರೇಪ್ ಮಾಡುವುದಾದರೆ ಮೊದಲು ಕೊಂಬೆ ಆರಿಸಿ, ಆಮೇಲೆ ಅದರ ಕೆಳಗಿನ ನೆಲ ಕೆರೆಯಿರಿ. ಆದರೆ ಸ್ಕ್ರೇಪಿಗೆ ಜಿಂಕೆ ಬರುವುದು ಹೆಚ್ಚಾಗಿ ರಾತ್ರಿ. ಅದರ ಮುಂದೆಯೇ ಹಗಲೆಲ್ಲ ಕೂತು ಕಾಯುವುದು ಬೇಸರದ ಕೆಲಸ.

ಅಂಗಡಿಯಲ್ಲಿ ಸಿಗುವುದು

ಒಂದು ಜಾತಿ, ನಮ್ಮ ವಾಸನೆ ಮುಚ್ಚಲು: ಪೈನ್, ಸೀಡರ್, ಮಣ್ಣಿನ ವಾಸನೆ, ನರಿಯ ಮೂತ್ರ. ಇನ್ನೊಂದು, ಹೊಟ್ಟೆಗೆ ಆಸೆ ತೋರಿಸಲು: ಸೇಬು, ಓಕ್ ಕಾಯಿ. ಮೂರನೆಯದು ಸುಮ್ನೆ ಕುತೂಹಲ ಕೆರಳಿಸಲು, ಉದಾಹರಣೆಗೆ ವೆನಿಲ್ಲಾ. ಕೊನೆಯದು ಬೆದೆಯ ವಾಸನೆ: ಜಿಂಕೆಯ ಅಸಲಿ ಮೂತ್ರ, ಇಲ್ಲವೇ ಅದರ ಕೃತಕ ನಕಲು. ದುಬಾರಿ ಬಾಟಲಿಗಳೆಲ್ಲ ಇದೇ ಸಾಲಿನಲ್ಲಿರುತ್ತವೆ.

ಬೆದೆಯ ವಾಸನೆಗೆ ಕ್ಯಾಲೆಂಡರ್ ಮುಖ್ಯ. ವೈಟ್‌ಟೇಲ್ ಬೆದೆಗೆ ಬರುವುದು ಹಗಲು ಚಿಕ್ಕದಾಗುವುದನ್ನು ಅನುಸರಿಸಿ. ಉತ್ತರದ ರಾಜ್ಯಗಳಲ್ಲೂ ವರ್ಜೀನಿಯಾದಲ್ಲೂ ನವೆಂಬರ್ ನಡುಭಾಗ ಅದರ ಜೋರು. ಒಂದು ಹೆಣ್ಣು ಗಂಡನ್ನು ಸೇರಿಸಿಕೊಳ್ಳುವುದು ಸುಮಾರು ಒಂದು ದಿನ. ಗರ್ಭ ನಿಲ್ಲದಿದ್ದರೆ ಹೆಚ್ಚುಕಮ್ಮಿ 28 ದಿನಕ್ಕೆ ಮತ್ತೆ ಬೆದೆ. ಹಾಗಿದ್ದಾಗ ಅಕ್ಟೋಬರ್ ಮೊದಲ ವಾರದಲ್ಲಿ ಬಿಲ್ಲು ಹಿಡಿದು ಹೊರಟವರು ಬೆದೆಯ ಬಾಟಲಿ ಸುರಿಯುವುದು, ಸಂಕ್ರಾಂತಿಗೆ ಪಟಾಕಿ ಹೊಡೆದ ಹಾಗೆ.

ಗಾಳಿ

ಈಗ ನಾನು ತಿಂದ ಪೆಟ್ಟು. ಮೊದಲ ವರ್ಷ ಬೆದೆಯ ಕೃತಕ ವಾಸನೆಯನ್ನು ಬಟ್ಟೆಯ ತುಂಡಿಗೆ ಹಚ್ಚಿ, ದಾರಿಯುದ್ದಕ್ಕೂ ಎಳೆದುಕೊಂಡು ಹೋಗಿ, ಮರದ ಬುಡದಲ್ಲಿ ಕೂತೆ. ಜಾಕೆಟ್ ಹಿಂದಿನ ದಿನವಷ್ಟೇ ಒಗೆದದ್ದು, ಘಮಘಮ ಪೌಡರಿನಲ್ಲಿ. ಗಾಳಿ ನನ್ನ ಬೆನ್ನಿಗೆ ಬೀಸುತ್ತಿತ್ತು. ಗಮನಿಸಲೇ ಇಲ್ಲ. ಸುಮಾರು ನಲವತ್ತು ಹೆಜ್ಜೆ ದೂರದಲ್ಲಿ ಒಂದು ಹೆಣ್ಣು ಜಿಂಕೆ ಬಂದು ನಿಂತಿತು. ತಲೆ ತಗ್ಗಿಸಿ ಮೇಯುವ ಹಾಗೆ ನಟಿಸಿ ಫಕ್ಕನೆ ಎತ್ತಿತು. ಮುಂಗಾಲು ಎತ್ತಿ ಧಪ್ ಅಂತ ನೆಲಕ್ಕೆ ಬಡಿಯಿತು. ಇನ್ನೊಮ್ಮೆ ಬಡಿಯಿತು. ಆಮೇಲೆ ಮೂಗಿನಿಂದ ‘ಫ್ಶ್’ ಅಂತ ಊದಿ, ಬಿಳಿ ಬಾಲ ಬಾವುಟದ ಹಾಗೆ ಎತ್ತಿ ಓಡಿತು. ಆ ಕಾಲು ಬಡಿತದಲ್ಲೂ ಗೊರಸಿನ ವಾಸನೆ ನೆಲಕ್ಕೆ ಬೀಳುತ್ತದೆ ಅಂತ ಆಮೇಲೆ ಓದಿದೆ. ಹಿಂದೆ ಬರುವ ಜಿಂಕೆಗೂ ಅಲ್ಲಿ ಎಚ್ಚರಿಕೆ ಸಿಕ್ಕಿತು ಅಂದ ಹಾಗೆ.

ಗಾಳಿ ಜಿಂಕೆಯ ಕಡೆಯಿಂದ ನಮ್ಮ ಮುಖಕ್ಕೆ ಬೀಸಬೇಕು. ಇದೊಂದು ಸರಿಯಿಲ್ಲದಿದ್ದರೆ ಎಷ್ಟು ಬೆಲೆಯ ಬಾಟಲಿಯೂ ದಂಡ. ಬಾಟಲಿ ಇಟ್ಟವರಿಗೆ ಇನ್ನೂ ಒಂದು ಎಚ್ಚರ ಬೇಕು. ದೊಡ್ಡ ಗಂಡು ವಾಸನೆಯ ಹತ್ತಿರ ನೇರವಾಗಿ ಬರದೆ, ಸುತ್ತು ಹಾಕಿ, ಗಾಳಿ ಹೋಗುವ ಕಡೆ ನಿಂತು ಮೂಸಿ ನೋಡುವುದುಂಟು. ಹಾಗಾಗಿ ಬಾಟಲಿಯನ್ನು ನಮ್ಮ ಪಕ್ಕಕ್ಕೆ ದೂರ ಇಡಬೇಕು. ನಮ್ಮ ಮೈವಾಸನೆ ಅದರ ಸುತ್ತುದಾರಿಗೆ ಅಡ್ಡ ಹರಿಯಬಾರದು.

ಬ್ಲೂ ರಿಡ್ಜ್‌ನಂಥ ಗುಡ್ಡದ ಕಡೆ ಲೆಕ್ಕ ಇನ್ನೂ ತೊಡಕು. ಬಿಸಿಲು ಬಿದ್ದ ಮೇಲೆ ಗಾಳಿ ಇಳಿಜಾರಿನಲ್ಲಿ ಮೇಲೇರುತ್ತದೆ. ಸಂಜೆ ತಂಪಾದಾಗ ನೀರಿನ ಹಾಗೆ ಕೆಳಗೆ ಹರಿದು ಕಣಿವೆಯಲ್ಲಿ ತುಂಬುತ್ತದೆ. ಆದ್ದರಿಂದ ಬಿಸಿಲೇರಿದ ಮೇಲೆ ಜಿಂಕೆದಾರಿಗಿಂತ ಎತ್ತರದಲ್ಲಿ, ಸಂಜೆ ಅದಕ್ಕಿಂತ ತಗ್ಗಿನಲ್ಲಿ ಕೂರಿ. ಸೂರ್ಯ ಹುಟ್ಟುವ ಮುಂಚೆ ಗಾಳಿ ಇನ್ನೂ ಕೆಳಕ್ಕೇ ಇಳಿಯುತ್ತಿರುತ್ತದೆ. ಬೆಳಗ್ಗೆ ಅಂತ ಬೇಗ ಹೋಗಿ ಮೇಲೆ ಕೂತವರು ಇಲ್ಲಿಯೇ ಎಡವುವುದು.

ಗಾಳಿ ನೋಡಲು ಪುಡಿ ಊದುವ ಪುಟ್ಟ ಬಾಟಲಿ ಸಿಗುತ್ತದೆ. ನನಗೆ ಅದಕ್ಕಿಂತ ಇಷ್ಟ ಮಿಲ್ಕ್‌ವೀಡ್ ಕಾಯಿಯ ಹತ್ತಿ. ನಮ್ಮ ಎಕ್ಕದ ಗಿಡದ ನೆಂಟ ಅದು, ಎಕ್ಕದ ಹತ್ತಿಯ ಹಾಗೇ ತೇಲುತ್ತದೆ. ಒಂದೆಳೆ ಬಿಟ್ಟು ನೋಡಿದರೆ ಹತ್ತಿರ ಎಡಕ್ಕೆ ಹೋಗಿ, ದೂರ ಹೋಗುತ್ತ ಬಲಕ್ಕೆ ತಿರುಗುವುದು ಕಣ್ಣಿಗೆ ಕಾಣುತ್ತದೆ. ಪುಡಿ ಅಷ್ಟು ದೂರ ತೋರಿಸುವುದಿಲ್ಲ.

ಬಟ್ಟೆಯನ್ನು ವಾಸನೆಯಿಲ್ಲದ ಸೋಪಿನಲ್ಲಿ ಒಗೆದು ಮುಚ್ಚಿದ ಡಬ್ಬದಲ್ಲಿಡಿ, ರಬ್ಬರ್ ಬೂಟು ಹಾಕಿ. ವಾಸನೆ ಕಮ್ಮಿಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ನಾವು ಉಸಿರಾಡುತ್ತೇವಲ್ಲ!

ಮೂತ್ರದ ಬಾಟಲಿಗೆ ನಿಷೇಧ ಯಾಕೆ

ಸಾಕಿದ ಜಿಂಕೆಗಳನ್ನು ಜಾಲರಿ ನೆಲದ ಮೇಲೆ ನಿಲ್ಲಿಸಿ ಕೆಳಗೆ ಮೂತ್ರ ಹಿಡಿಯುತ್ತಾರೆ. ಹಿಕ್ಕೆ, ಜೊಲ್ಲು ಕೂಡ ಅದರಲ್ಲಿ ಬೆರೆಯಬಹುದು. ಇಲ್ಲೇ ಬರುವುದು ಕ್ರಾನಿಕ್ ವೇಸ್ಟಿಂಗ್ ಡಿಸೀಸ್, ಜಿಂಕೆಯನ್ನು ಸೊರಗಿಸಿ ಕೊಲ್ಲುವ ರೋಗ. 1967ರಲ್ಲಿ ಕೊಲೊರಾಡೊದಲ್ಲಿ ಕೂಡಿಟ್ಟ ಜಿಂಕೆಗಳಲ್ಲಿ ಮೊದಲು ಕಂಡ ಕಾಯಿಲೆ. ಇದನ್ನು ತರುವುದು ಬ್ಯಾಕ್ಟೀರಿಯಾ ಅಲ್ಲ, ವೈರಸ್ ಅಲ್ಲ. ಪ್ರಿಯಾನ್ ಎನ್ನುವ ತಪ್ಪಾಗಿ ಮಡಚಿಕೊಂಡ ಪ್ರೋಟೀನು. ಜೊಲ್ಲು, ಹಿಕ್ಕೆ, ಮೂತ್ರ ಮೂರರಲ್ಲೂ ಇರಬಲ್ಲದು, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯಬಲ್ಲದು, ಅಡುಗೆಯ ಬಿಸಿಗೆ ಸಾಯುವುದಿಲ್ಲ. ಜಿಂಕೆಗೆ ಮದ್ದಿಲ್ಲ. ಮನುಷ್ಯರಿಗೆ ಬಂದದ್ದು ದೃಢಪಟ್ಟಿಲ್ಲ, ಆದರೂ ಕಾಯಿಲೆ ಇದ್ದ ಜಿಂಕೆಯ ಮಾಂಸ ತಿನ್ನಬೇಡಿ ಎಂಬುದೇ ಆರೋಗ್ಯ ಇಲಾಖೆಗಳ ಸಲಹೆ.

ವರ್ಜೀನಿಯಾದಲ್ಲಿ 2009ರಲ್ಲಿ ಬೇಟೆಯಾಡಿದ ಜಿಂಕೆಯೊಂದರಲ್ಲಿ ಇದು ಸಿಕ್ಕಿತು. 2015ರ ಜುಲೈನಿಂದ ಅಲ್ಲಿ ಬೇಟೆಗೆ ಅಸಲಿ ಜಿಂಕೆ ಮೂತ್ರ ಬಳಸುವಂತಿಲ್ಲ, ಜೊತೆಯಲ್ಲಿ ಇಟ್ಟುಕೊಳ್ಳುವಂತೆಯೂ ಇಲ್ಲ. ಕೃತಕ ವಾಸನೆ ನಡೆಯುತ್ತದೆ. ಎರೆ ಹಾಕಿ ಬೇಟೆಯಾಡುವುದೂ ತಪ್ಪು. ಜೋಳದ ರಾಶಿಗೆ ಹತ್ತಾರು ಜಿಂಕೆ ಬಂದು ಒಂದೇ ಕಡೆ ಜೊಲ್ಲು ಸುರಿಸಿದರೆ ಕಾಯಿಲೆಗೆ ಹಬ್ಬ. ಇಷ್ಟಾದರೂ ಟೆಕ್ಸಾಸ್‌ನ ಖಾಸಗಿ ಜಮೀನಿನಲ್ಲಿ ಜೋಳ ಚೆಲ್ಲುವ ಯಂತ್ರ ಮಾಮೂಲು. ಪಕ್ಕದ ರಾಜ್ಯದ ವಿಡಿಯೋ ನೋಡಿ ಹೊರಡಬೇಡಿ, ನಿಮ್ಮ ರಾಜ್ಯದ ಆ ವರ್ಷದ ನಿಯಮ ಪುಸ್ತಕ ತೆಗೆಯಿರಿ.

ಟೆಕ್ಸಾಸ್ ಅಂದಾಗ ನೆನಪಾಯಿತು. ಅಲ್ಲಿ ‘ಆಕ್ಸಿಸ್’ ಅಂತ ಕರೆಯುವುದು ನಮ್ಮ ಚುಕ್ಕಿ ಜಿಂಕೆಯನ್ನೇ, 1932ರಲ್ಲಿ ತಂದು ಬಿಟ್ಟದ್ದು. ನವೆಂಬರ್ ಲೆಕ್ಕ ಅದಕ್ಕೆ ಅನ್ವಯಿಸುವುದಿಲ್ಲ, ವರ್ಷದ ಯಾವ ತಿಂಗಳಲ್ಲೂ ಬೆದೆಗೆ ಬರಬಹುದು. ಕೊಂಬೆಯ ಚಾಳಿ ಮಾತ್ರ ಇದಕ್ಕೂ ಇದೆ. ಬಂಡೀಪುರದ ಸಫಾರಿಯಲ್ಲಿ ಗಂಡು ಚುಕ್ಕಿ ಜಿಂಕೆ ಹಿಂಗಾಲ ಮೇಲೆ ನೆಟ್ಟಗೆ ನಿಂತು ಎತ್ತರದ ಕೊಂಬೆಗೆ ಮುಖ ಉಜ್ಜುವುದು ಕಂಡರೆ, ಅದು ಚಿಗುರು ತಿನ್ನುತ್ತಿದೆಯಾ, ವಾಸನೆ ಹಚ್ಚುತ್ತಿದೆಯಾ ಅಂತ ಅದರ ಬಾಯಿ ನೋಡಿ.