ಮಧ್ಯಾಹ್ನ ಮೂರು ಗಂಟೆಗೆ ಬಂದ ಜ್ವರ

ನೆಗಡಿ ಯಾವಾಗ ಶುರುವಾಯಿತು ಅಂತ ಯಾರನ್ನಾದರೂ ಕೇಳಿ ನೋಡಿ. "ಮೊನ್ನೆಯೋ ಆಚೆ ಮೊನ್ನೆಯೋ ಗಂಟಲು ಸ್ವಲ್ಪ ಕೆರೀತಿತ್ತು" ಅನ್ನುತ್ತಾರೆ. ಫ್ಲೂ ಬಂದವರು ದಿನ, ಗಂಟೆ ಎರಡೂ ಹೇಳುತ್ತಾರೆ.

ನನಗೆ ಬಂದಿದ್ದು ಒಂದು ಬುಧವಾರ ಮಧ್ಯಾಹ್ನ ಮೂರಕ್ಕೆ. ಊಟ ಮಾಡುವಾಗ ಚೆನ್ನಾಗಿಯೇ ಇದ್ದೆ. ಕೆಲಸಕ್ಕೆ ಕೂತ ಮೇಲೆ ಬೆನ್ನಿಗೆ ತಣ್ಣೀರು ಸುರಿದ ಹಾಗೆ ಒಂದು ನಡುಕ ಹಾದುಹೋಯಿತು. ಫ್ಯಾನ್ ಆರಿಸಿದೆ, ಚಳಿ ಹೋಗಲಿಲ್ಲ. ನಾಲ್ಕು ಗಂಟೆ ಹೊತ್ತಿಗೆ ಟೈಪ್ ಮಾಡುತ್ತಿದ್ದ ಬೆರಳಿನ ಗೆಣ್ಣುಗಳು ನೋಯತೊಡಗಿದವು. ಮನೆ ಸೇರುವಷ್ಟರಲ್ಲಿ ಕಣ್ಣು ಅತ್ತಿತ್ತ ಹೊರಳಿಸಿದರೂ ನೋವು. ಎರಡು ಕಂಬಳಿ ಹೊದ್ದು ಹಲ್ಲು ಕಟಕಟ ಅನ್ನಿಸುತ್ತಾ ಮಲಗಿದೆ. ಥರ್ಮಾಮೀಟರ್ 103 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿತು.

ಹೀಗೆ ದಿಢೀರ್ ಅಂತ ಬರುವುದೇ ಫ್ಲೂನ ದೊಡ್ಡ ಗುರುತು. ನೆಗಡಿ ಮೂಗಿನಿಂದ, ಸೀನಿನಿಂದ ಮೆಲ್ಲಗೆ ಶುರುವಾಗುತ್ತದೆ. ಫ್ಲೂನಲ್ಲಿ ಮೊದಲು ಬರುವುದು ಜ್ವರ, ಚಳಿ, ತಲೆನೋವು, ಮೈಕೈ ನೋವು. ಜೊತೆಗೆ ಎದೆ ಕೆರೆಯುವ ಒಣ ಕೆಮ್ಮು. ಮೂಗು ಸೋರಬಹುದು, ಸೋರದೆಯೂ ಇರಬಹುದು.

ಆದರೆ ಎಲ್ಲರಲ್ಲೂ ಹೀಗೇ ಅಂತಿಲ್ಲ. ಚಿಕ್ಕ ಮಕ್ಕಳಿಗೆ ವಾಂತಿ, ಭೇದಿಯೂ ಆಗಬಹುದು. ವಯಸ್ಸಾದವರಿಗೆ ಜ್ವರವೇ ಬಾರದಿರಬಹುದು. ಅಜ್ಜ ಸುಮ್ನೆ ಮಂಕಾಗಿ ಕೂತಿದ್ದಾರೆ, ಊಟ ಬೇಡ ಅನ್ನುತ್ತಾರೆ, ಮಾತು ಹಿಂದುಮುಂದಾಗುತ್ತಿದೆ ಅಂದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿ ಸುಮ್ಮನಾಗಬೇಡಿ. ಇನ್ನೊಂದು ವಿಷಯ. ಕೋವಿಡ್ ಕೂಡ ನೋಡೋಕೆ ಇದರ ಹಾಗೆಯೇ ಇರುತ್ತದೆ. ಲಕ್ಷಣ ನೋಡಿ ಊಹಿಸಬಹುದು ಅಷ್ಟೇ, ಖಚಿತವಾಗಬೇಕಾದರೆ ಮೂಗು, ಗಂಟಲಿನ ದ್ರವದ ಪರೀಕ್ಷೆಯೇ ಆಗಬೇಕು.

ನನ್ನನ್ನು ಬಹಳ ಕಾಡಿದ ಪ್ರಶ್ನೆ ಇದು: ವೈರಸ್ ಇರುವುದು ಗಂಟಲು, ಶ್ವಾಸನಾಳದಲ್ಲಿ. ಹಾಗಾದರೆ ತೊಡೆ ಯಾಕೆ ನೋಯಬೇಕು? ಸೊಂಟ ಯಾಕೆ ಮುರಿದ ಹಾಗೆ ಆಗಬೇಕು? ಉತ್ತರ ತಿಳಿದಾಗ ಆಶ್ಚರ್ಯವಾಯಿತು. ಸಾಮಾನ್ಯವಾಗಿ ಆ ನೋವು ವೈರಸ್ ನೇರವಾಗಿ ಕೊಡುವುದಲ್ಲ, ನಮ್ಮ ದೇಹವೇ ಕೊಡುವುದು. ವೈರಸ್ ಒಳಗೆ ಬಂದು ಸುಮಾರು ಎರಡು ದಿನ, ಕೆಲವರಲ್ಲಿ ಒಂದರಿಂದ ನಾಲ್ಕು ದಿನ, ಸದ್ದಿಲ್ಲದೆ ಶ್ವಾಸನಾಳದ ಕೋಶಗಳಲ್ಲಿ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುತ್ತಿರುತ್ತದೆ. ಇದು ಗೊತ್ತಾದ ಕೂಡಲೇ ದೇಹ ಇಂಟರ್‌ಫೆರಾನ್, ಸೈಟೊಕೈನ್ ಅನ್ನುವ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತದೆ. ಅವು ಇಡೀ ಮೈಗೆ ಕೊಡುವ ಎಚ್ಚರಿಕೆ. ಮೈಕೈ ನೋವು, ಮಂಕು, ಹಸಿವಿಲ್ಲದಿರುವುದು ಎಲ್ಲ ಅವುಗಳ ಪರಿಣಾಮ.

ಚಳಿಯ ಕಥೆಯೂ ಅದೇ. ಮೈಯ ಬಿಸಿ ಎಷ್ಟಿರಬೇಕು ಅಂತ ನಿರ್ಧರಿಸುವ ಜಾಗ ಮಿದುಳಿನಲ್ಲಿದೆ. ಈ ಸಂದೇಶ ತಲುಪಿದಾಗ ಅದು ತನ್ನ ಗುರಿಯನ್ನು 98ರ ಸುತ್ತಮುತ್ತಲಿಂದ 103ಕ್ಕೆ ಏರಿಸುತ್ತದೆ ಅಂದುಕೊಳ್ಳಿ. ಮೈ ಇನ್ನೂ 99ರಲ್ಲೇ ಇದೆ. ಹೊಸ ಗುರಿಗೆ ಹೋಲಿಸಿದರೆ ಅದು ತಣ್ಣಗಿದೆ, ಅದಕ್ಕೇ ಸ್ನಾಯುಗಳು ನಡುಗಿ ಬಿಸಿ ಹುಟ್ಟಿಸುತ್ತವೆ. ಸುಡುತ್ತಿರುವ ಮನುಷ್ಯ ಕಂಬಳಿ ಕೇಳುವುದು ಇದಕ್ಕೇ. ಜ್ವರ ಇಳಿಯುವಾಗ ಗುರಿ ಮತ್ತೆ ಕೆಳಗೆ ಬರುತ್ತದೆ, ಆಗ ಬೆವರು.

ಮೊದಲ ಮೂರು ದಿನ ಏನೇನು ಮಾಡಲಾಗಲಿಲ್ಲ ಅಂತ ನೆನಪಿಸಿಕೊಂಡರೆ ಈಗಲೂ ಒಂಥರಾ ಆಗುತ್ತದೆ. ಬಾಚಣಿಗೆ ತಾಗಿದರೆ ತಲೆಯ ಚರ್ಮ ಉರಿಯುತ್ತಿತ್ತು. ನೀರಿನ ಬಾಟಲಿಯ ಮುಚ್ಚಳ ತಿರುಗಿಸೋಕೆ ಬೆರಳಿಗೆ ಬಲ ಇರಲಿಲ್ಲ, ಅದನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಎರಡೂ ಕೈಯಲ್ಲಿ ತಿರುಗಿಸಿದೆ. ಫೋನಿನ ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು. ಒಂದು ಸಾಲು ಓದಿ ಮುಗಿಸುವಷ್ಟರಲ್ಲಿ ಸಾಲಿನ ಆರಂಭ ಮರೆತುಹೋಗುತ್ತಿತ್ತು. ನೋಡಿಕೊಳ್ಳೋಕೆ ಜನ ಇದ್ದ ನನಗೇ ಹೀಗಾದರೆ, ಒಂಟಿಯಾಗಿರುವವರು, ಮನೆಗೆಲ್ಲ ಮಾಡಿ ಹಾಕಬೇಕಾದ ತಾಯಂದಿರು, ಒಂದು ದಿನ ಹೋಗದಿದ್ದರೆ ಕೂಲಿ ಕಳೆದುಕೊಳ್ಳುವವರು ಇದನ್ನು ಹೇಗೆ ದಾಟುತ್ತಾರೆ? "ಬರೀ ಫ್ಲೂ ತಾನೆ" ಅನ್ನುವ ಮಾತು ಅಂದಿನಿಂದ ನನ್ನ ಬಾಯಲ್ಲಿ ಬಂದಿಲ್ಲ.

ನಾನು ಮಾಡಿದ ತಪ್ಪನ್ನೂ ಹೇಳಬೇಕು. ನಾಲ್ಕನೆಯ ದಿನ ಪ್ಯಾರಾಸಿಟಮಾಲ್ ನುಂಗಿದೆ, ಜ್ವರ ಇಳಿಯಿತು, ಹುಷಾರಾದೆ ಅಂದುಕೊಂಡು ಕೆಲಸಕ್ಕೆ ಹೋದೆ. ಆ ಮಾತ್ರೆ ಜ್ವರ, ನೋವನ್ನು ತಗ್ಗಿಸುತ್ತದೆ, ವೈರಸ್ಸಿಗೆ ಏನೂ ಮಾಡುವುದಿಲ್ಲ. ಫ್ಲೂ ಇರುವವರು ಲಕ್ಷಣ ಕಾಣಿಸುವುದಕ್ಕೆ ಒಂದು ದಿನ ಮೊದಲೇ ಅದನ್ನು ಹರಡಬಲ್ಲರು, ಆಮೇಲೂ ಐದರಿಂದ ಏಳು ದಿನ ಹರಡಬಹುದು, ಮಕ್ಕಳಲ್ಲಿ ಇನ್ನೂ ಜಾಸ್ತಿ. ಎರಡು ದಿನ ಕಳೆಯುವಷ್ಟರಲ್ಲಿ ಪಕ್ಕದ ಸೀಟಿನ ಗೆಳತಿ ಮಲಗಿದಳು, ಆಮೇಲೆ ಅವಳ ಎರಡು ವರ್ಷದ ಮಗು. ನನ್ನಿಂದಲೇ ಬಂತು ಅಂತ ಯಾರೂ ಹೇಳಲಿಲ್ಲ. ನನಗೆ ಮಾತ್ರ ಆ ಮಗುವಿನ ಜ್ವರ ಇಳಿಯುವವರೆಗೂ ನಿದ್ದೆ ಬರಲಿಲ್ಲ. ಜ್ವರದ ಮಾತ್ರೆ ಇಲ್ಲದೆ ಕನಿಷ್ಠ 24 ಗಂಟೆ ಜ್ವರ ಬಾರದೆ ಇದ್ದು, ಉಳಿದ ಲಕ್ಷಣಗಳೂ ಕಡಿಮೆಯಾಗುತ್ತಾ ಬಂದ ಮೇಲೆ ಹೊರಗೆ ಹೋಗಬೇಕಿತ್ತು. ಆಗಲೂ ಕೆಲವು ದಿನ ಮಾಸ್ಕ್ ಹಾಕಿಕೊಂಡರೆ ಒಳ್ಳೆಯದು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಪ್ರತಿವರ್ಷ ಸುಮಾರು 100 ಕೋಟಿ ಜನರಿಗೆ ಫ್ಲೂ ಬರುತ್ತದೆ. ಅವರಲ್ಲಿ 30ರಿಂದ 50 ಲಕ್ಷ ಜನರಿಗೆ ಅದು ಗಂಭೀರವಾಗುತ್ತದೆ. ಇದಕ್ಕೆ ಸಂಬಂಧಿಸಿದ ಉಸಿರಾಟದ ತೊಂದರೆಯಿಂದ 2.9 ಲಕ್ಷದಿಂದ 6.5 ಲಕ್ಷ ಜನ ಸಾಯುತ್ತಾರೆ. ಹೃದಯಕ್ಕೂ ಇದರ ಪೆಟ್ಟು ಬೀಳುತ್ತದೆ. ಕೆನಡಾದ ಒಂಟಾರಿಯೊದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಫ್ಲೂ ಖಚಿತವಾದ ಮೊದಲ ಏಳು ದಿನಗಳಲ್ಲಿ ಹೃದಯಾಘಾತದ ಸಾಧ್ಯತೆ ಉಳಿದ ದಿನಗಳಿಗಿಂತ ಸುಮಾರು ಆರು ಪಟ್ಟು ಜಾಸ್ತಿ ಇದ್ದದ್ದು ಕಂಡುಬಂತು.

ಆದ್ದರಿಂದ 65 ದಾಟಿದವರು, ಐದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ಉಬ್ಬಸ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರು ಕಾದು ನೋಡುವುದು ಬೇಡ, ಮೊದಲ ದಿನವೇ ಡಾಕ್ಟರ ಹತ್ತಿರ ಹೋಗಲಿ. ಒಸೆಲ್ಟಾಮಿವಿರ್‌ನಂಥ ಔಷಧ ಲಕ್ಷಣ ಶುರುವಾದ 48 ಗಂಟೆಯೊಳಗೆ ಕೊಟ್ಟರೆ ಚೆನ್ನಾಗಿ ಕೆಲಸ ಮಾಡುತ್ತದೆ. ಗಂಟೆ ನೆನಪಿಟ್ಟುಕೊಂಡಿರುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಆಂಟಿಬಯೋಟಿಕ್ ಮಾತ್ರ ಕೇಳಿ ಪಡೆಯಬೇಡಿ, ಅದು ಬ್ಯಾಕ್ಟೀರಿಯಾಗಳಿಗೆ, ವೈರಸ್ಸಿಗಲ್ಲ. ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು, ಮಿದುಳು ಮತ್ತು ಪಿತ್ತಜನಕಾಂಗಕ್ಕೆ ಹಾನಿ ಮಾಡುವ ರೇಯ್ಸ್ ಸಿಂಡ್ರೋಮ್ ಬರುವ ಅಪಾಯವಿದೆ.

ಉಸಿರಾಟ ಕಷ್ಟವಾಗುವುದು, ಎದೆನೋವು, ತುಟಿ ನೀಲಿಯಾಗುವುದು, ಎಬ್ಬಿಸಿದರೂ ಸರಿಯಾಗಿ ಏಳದಿರುವುದು, ಬಹಳ ಹೊತ್ತು ಮೂತ್ರ ಹೋಗದಿರುವುದು ಇವೆಲ್ಲ ತಡಮಾಡದೆ ಆಸ್ಪತ್ರೆಗೆ ಹೊರಡಬೇಕಾದ ಲಕ್ಷಣಗಳು. ಎಷ್ಟೋ ಜನ ಗಮನಿಸದ ಒಂದು ಲಕ್ಷಣ ಇನ್ನೂ ಇದೆ: ಜ್ವರ ಬಿಟ್ಟು, ಎದ್ದು ಓಡಾಡಿ, ಮತ್ತೆ ಜೋರಾಗಿ ಜ್ವರ, ಕೆಮ್ಮು ಬರುವುದು. ವೈರಸ್ ಹಾಳು ಮಾಡಿದ ಶ್ವಾಸನಾಳದಲ್ಲಿ ಬ್ಯಾಕ್ಟೀರಿಯಾ ಸೇರಿಕೊಂಡು ನ್ಯುಮೋನಿಯಾ ಆಗಿರಬಹುದು.

ಲಸಿಕೆಯನ್ನು ಪ್ರತಿವರ್ಷ ಯಾಕೆ ಹಾಕಿಸಬೇಕು ಅಂತ ಕೇಳುತ್ತಾರೆ. ಈ ವೈರಸ್ಸಿನ ಮೇಲ್ಮೈ ಬದಲಾಗುತ್ತಲೇ ಇರುತ್ತದೆ, ಹಳೆಯ ಗುರುತು ಹಿಡಿದು ಕೂತ ನಮ್ಮ ರಕ್ಷಣೆಗೆ ಹೊಸದು ಸರಿಯಾಗಿ ಗೊತ್ತಾಗುವುದಿಲ್ಲ. ಲಸಿಕೆ ಹಾಕಿಸಿಕೊಂಡವರಿಗೂ ಫ್ಲೂ ಬರಬಹುದು. ಆದರೆ ಆಸ್ಪತ್ರೆ ಸೇರುವ ಸಾಧ್ಯತೆ ಚೆನ್ನಾಗಿ ಕಡಿಮೆಯಾಗುತ್ತದೆ. ಚುಚ್ಚಿಸಿಕೊಂಡ ಮೇಲೆ ರಕ್ಷಣೆ ಬೆಳೆಯೋಕೆ ಸುಮಾರು ಎರಡು ವಾರ ಬೇಕು.

ನನ್ನ ಜ್ವರ ಆರನೆಯ ದಿನಕ್ಕೆ ಪೂರ್ತಿ ಬಿಟ್ಟಿತು. ಸುಸ್ತು ಬಿಡಲಿಲ್ಲ. ಒಂಬತ್ತನೆಯ ದಿನ ತಲೆಸ್ನಾನ ಮಾಡಿ, ಒರೆಸಿಕೊಳ್ಳೋಕೆ ಆಗದೆ ಟವೆಲ್ ಹಿಡಿದು ಬಚ್ಚಲಿನ ಸ್ಟೂಲ್ ಮೇಲೆ ಹಾಗೇ ಕೂತಿದ್ದೆ. ಮಹಡಿಯ ಮೆಟ್ಟಿಲನ್ನು ನಡುವೆ ನಿಲ್ಲದೆ ಹತ್ತೋಕೆ ಎರಡು ವಾರ ಹಿಡಿಯಿತು. ಕೆಮ್ಮು ಆಮೇಲೂ ಒಂದು ವಾರ ಇತ್ತು.