ಟ್ರ್ಯಾಕ್‌ಗೆ ಹೋಗುವ ಮುಂಚೆ ದೊಡ್ಡ ಡಿಸ್ಕ್ ಹಾಕಿಸಬೇಕಾ?

ಪ್ರಶ್ನೆ: ಸರ್, ಮುಂದಿನ ತಿಂಗಳು ಕೊಯಮತ್ತೂರಿನ ಕರಿ ಸ್ಪೀಡ್‌ವೇಗೆ ಟ್ರ್ಯಾಕ್ ಡೇಗೆ (ನಮ್ಮದೇ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ) ಹೋಗುತ್ತಿದ್ದೇನೆ. ಟರ್ಬೊ ಪೆಟ್ರೋಲ್ ಕಾರು, ರೀಮ್ಯಾಪ್ ಆಗಿದೆ (ಶಕ್ತಿ ಹೆಚ್ಚಿಸಲು ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿದೆ). ತೂತಿರುವ ದೊಡ್ಡ ಬ್ರೇಕ್ ಡಿಸ್ಕ್ ಹಾಕಿಸಿದರೆ ಬೇಗ ನಿಲ್ಲುತ್ತದೆ ಅಲ್ವಾ?
– ಒಬ್ಬ ಓದುಗರು, ಕುವೆಂಪುನಗರ, ಮೈಸೂರು

ಇಲ್ಲ. ಮೊದಲು ಬ್ರೇಕ್ ಆಯಿಲ್ ಬದಲಾಯಿಸಿ, ಆಮೇಲೆ ಪ್ಯಾಡ್ (ಚಕ್ರದ ಜೊತೆ ತಿರುಗುವ ಡಿಸ್ಕನ್ನು ಒತ್ತಿ ಹಿಡಿಯುವ ತುಂಡು). ಡಿಸ್ಕಿನ ದುಡ್ಡು ಸದ್ಯಕ್ಕೆ ಜೇಬಿನಲ್ಲೇ ಇರಲಿ.

ಇದೇ ಉತ್ತರವನ್ನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಕೇಳಿದವರು ತಲೆ ಆಡಿಸುತ್ತಾರೆ, ಮರುವಾರ ಡಿಸ್ಕ್ ಆರ್ಡರ್ ಮಾಡಿರುತ್ತಾರೆ. ಹಾಗಾಗಿ ಇವತ್ತು ಪೂರ್ತಿ ಬಿಡಿಸಿ ಹೇಳುತ್ತೇನೆ.

ಡಿಸ್ಕ್ ಹಿಡಿಯುವುದು ಚಕ್ರವನ್ನು. ಆ ಚಕ್ರ ರಸ್ತೆಯನ್ನು ಹಿಡಿದರೆ ತಾನೇ ಕಾರು ನಿಲ್ಲುವುದು? ಆ ಕೆಲಸ ಟೈರಿನದು. ಹಿಂದೆ ಮುಂದೆ ಯಾರೂ ಇಲ್ಲದ ಖಾಲಿ, ಒಣ ಡಾಂಬರಿನ ಮೇಲೆ 50ರ ವೇಗದಲ್ಲಿ ಹೋಗಿ ಪೆಡಲ್ ಪೂರ್ತಿ ಒತ್ತಿ. ಕಾಲಿನ ಕೆಳಗೆ ಪೆಡಲ್ ಟಕಟಕ ನಡುಗಿತಾ? ಅದು ಎಬಿಎಸ್, ಚಕ್ರ ಲಾಕ್ ಆಗಿ ಜಾರದಂತೆ ತಡೆಯುವ ವ್ಯವಸ್ಥೆ. ಅಂದರೆ ಕಂಪನಿ ಕೊಟ್ಟ ಬ್ರೇಕಿಗೇ ಟೈರಿನ ಹಿಡಿತಕ್ಕಿಂತ ಜಾಸ್ತಿ ಶಕ್ತಿ ಇದೆ. ಅದರ ಮೇಲೆ ಇನ್ನೂ ದೊಡ್ಡ ಡಿಸ್ಕ್ ಕೂರಿಸಿದರೆ ಎಬಿಎಸ್ ಬೇಗ ಬರುತ್ತದೆ, ಕಾರು ಬೇಗ ನಿಲ್ಲುವುದಿಲ್ಲ. ಮುಂದಿನದನ್ನು ಮಾತ್ರ ದೊಡ್ಡದು ಮಾಡಿ ಹಿಂದಿನದನ್ನು ಹಾಗೇ ಬಿಟ್ಟರೆ ಮುಂದಿನ ಟೈರ್ ಬೇಗ ಸೋಲುತ್ತದೆ, ಹಿಂದಿನದಕ್ಕೆ ಪೂರ್ತಿ ಕೆಲಸ ಸಿಗುವುದಿಲ್ಲ. ನಿಲ್ಲುವ ದೂರ ಹೆಚ್ಚಾಗಲೂಬಹುದು.

ತೂತಿನ ಕಥೆ ಬೇರೆ. ಹಳೇ ಕಾಲದ ಪ್ಯಾಡ್ ಬಿಸಿಯಾದಾಗ ಗ್ಯಾಸ್ ಬಿಡುತ್ತಿತ್ತು. ಅದು ಹೊರಗೆ ಹೋಗಲಿ ಎಂದು ತೂತು ಕೊರೆದರು. ಈಗಿನ ಪ್ಯಾಡ್‌ಗಳಲ್ಲಿ ಆ ತೊಂದರೆ ತುಂಬಾ ಕಡಿಮೆ. ಮಳೆಯಲ್ಲಿ ತೂತಿನಿಂದ ಸ್ವಲ್ಪ ಅನುಕೂಲ ಇದೆ, ಒಪ್ಪುತ್ತೇನೆ. ಆದರೆ ಟ್ರ್ಯಾಕಿನ ಬಿಸಿಗೆ ಡಿಸ್ಕ್ ಬಿರುಕು ಬಿಡಲು ಶುರುವಾಗುವುದು ಆ ತೂತುಗಳ ಅಂಚಿನಿಂದಲೇ.

ಹಾಗಾದರೆ ರೇಸ್ ಕಾರಿಗೆ ಯಾಕೆ ದೊಡ್ಡ ಡಿಸ್ಕ್? ಮಂಡ್ಯ ಕಡೆಯ ಆಲೆಮನೆ ನೋಡಿದ್ದೀರಲ್ಲ. ಚಿಕ್ಕ ಪಾತ್ರೆಯಲ್ಲಿ ಕಬ್ಬಿನ ಹಾಲು ಬೇಗ ಕುದಿಯುತ್ತದೆ, ದೊಡ್ಡ ಕೊಪ್ಪರಿಗೆಯಲ್ಲಿ ನಿಧಾನ. ಒಲೆಯ ಬೆಂಕಿ ಅಷ್ಟೇ. ದೊಡ್ಡ ಡಿಸ್ಕ್ ಅಂದರೆ ದೊಡ್ಡ ಕೊಪ್ಪರಿಗೆ. ಅದು ಬಿಸಿಯನ್ನು ತಡೆದುಕೊಳ್ಳುತ್ತದೆ, ಅಷ್ಟು ಹೊತ್ತು ಜಾಸ್ತಿ ಓಡಬಹುದು.

ಬಿಸಿ ಎಷ್ಟು ಅಂತೀರಾ? 1,300 ಕೆಜಿ ಕಾರು 120ರಿಂದ 60ಕ್ಕೆ ಇಳಿದರೆ ಬರುವ ಶಾಖದಲ್ಲಿ ಒಂದೂವರೆ ಲೀಟರ್‌ಗಿಂತ ಜಾಸ್ತಿ ತಣ್ಣೀರು ಕುದಿ ಬರುತ್ತದೆ. ಇದು ಒಂದೇ ಒಂದು ಬ್ರೇಕಿಗೆ. ಎಕ್ಸ್‌ಪ್ರೆಸ್‌ವೇಯಲ್ಲಿ ಬೆಂಗಳೂರಿಗೆ ಹೋಗುವಾಗ ಹೀಗೆ ಬ್ರೇಕ್ ಒತ್ತುವುದು ಆಗೊಮ್ಮೆ ಈಗೊಮ್ಮೆ, ನಡುವೆ ಡಿಸ್ಕ್ ಆರುತ್ತದೆ. 2.1 ಕಿ.ಮೀ. ಉದ್ದದ ಕರಿಯಲ್ಲಿ ಒಂದು ತಿರುವು ಮುಗಿಯುವಷ್ಟರಲ್ಲಿ ಇನ್ನೊಂದು. ಡಿಸ್ಕ್ ಆರಲು ಪುರಸೊತ್ತೇ ಇಲ್ಲ.

ಈ ಬಿಸಿಗೆ ಮೊದಲು ಸೋಲುವುದು ಆಯಿಲ್. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದರಲ್ಲಿ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎಂಬುದು ನಿಯಮ. ಶೇ 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 155 ಡಿಗ್ರಿ ಅಷ್ಟೇ. ಕುದ್ದರೆ ಆವಿ, ಆವಿ ಒತ್ತಿದರೆ ಕುಗ್ಗುತ್ತದೆ, ಪೆಡಲ್ ನೆಲಕ್ಕೆ. ನನ್ನ ಮೊದಲ ಟ್ರ್ಯಾಕ್ ಡೇಯ ನಾಲ್ಕನೇ ಲ್ಯಾಪಿನಲ್ಲಿ ಹೀಗೇ ಆಯಿತು. ಆ ಕ್ಷಣದಲ್ಲಿ ಕಾಲಿನ ಕೆಳಗೆ ಏನೂ ಇಲ್ಲ ಅನ್ನಿಸಿದ್ದು ಇವತ್ತಿಗೂ ನೆನಪಿದೆ. ಹಾಗಾಗಿ 'ಲೆವೆಲ್ ಸರಿ ಇದೆ' ಎಂದು ಸುಮ್ನೆ ಬಿಡಬೇಡಿ. ಹಳೆಯದನ್ನು ಪೂರ್ತಿ ತೆಗೆಸಿ, ಆಗಷ್ಟೇ ಒಡೆದ ಡಬ್ಬಿಯಿಂದ ಹೊಸದು ತುಂಬಿಸಿ, ನಾಲ್ಕೂ ಚಕ್ರದ ಬ್ರೇಕ್ ಪೈಪಿನಲ್ಲಿ ಸೇರಿದ ಗಾಳಿ ತೆಗೆಸಿ. ಡಾಟ್ 5.1 ಕೂಡ ಆಗುತ್ತದೆ. ಬರೀ ಡಾಟ್ 5 ಬೇಡ, ಅದು ಸಿಲಿಕೋನ್, ಡಾಟ್ 4ರ ಜೊತೆ ಸೇರುವುದಿಲ್ಲ.

ಪೆಡಲ್ ಗಟ್ಟಿಯಾಗೇ ಇದ್ದು ಕಾರು ಮಾತ್ರ ನಿಲ್ಲದೆ ಮುಂದೆ ಹೋದರೆ ತಪ್ಪು ಪ್ಯಾಡಿನದು. ಬಿಸಿ ತಡೆಯುವ ಪ್ಯಾಡ್ ಹಾಕಿಸಿ, ಪ್ಯಾಡ್ ಕಂಪನಿ ಹೇಳಿದ ಕ್ರಮದಲ್ಲಿ ಬ್ರೇಕ್ ಒತ್ತಿ ಬಿಟ್ಟು ಅದನ್ನು ಹದ ಮಾಡಿ. ಪಕ್ಕಾ ರೇಸ್ ಪ್ಯಾಡ್ ಆದರೆ ಊರಿಗೆ ಬಂದ ಮೇಲೆ ಬಿಚ್ಚಿಸಿ. ತಣ್ಣಗಿದ್ದಾಗ ಅದು ಸರಿಯಾಗಿ ಹಿಡಿಯುವುದಿಲ್ಲ.

ನೀವು ಕೇಳದ ಮಾತೊಂದು ಹೇಳಿಬಿಡುತ್ತೇನೆ. ಮೈಸೂರಿನಿಂದ ಚಾಮರಾಜನಗರದ ಮೇಲೆ ಹೋದರೆ ಟ್ರ್ಯಾಕ್ ಸಿಗುವ ಮುಂಚೆಯೇ ದಿಂಬಂ ಘಾಟ್ ಇಳಿಯಬೇಕು. 27 ಹೇರ್‌ಪಿನ್ ತಿರುವು. ಅಲ್ಲಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದವರು ಹೊಸ ಪ್ಯಾಡನ್ನು ದಾರಿಯಲ್ಲೇ ಸುಟ್ಟುಕೊಳ್ಳುತ್ತಾರೆ. ಚಾಮುಂಡಿ ಬೆಟ್ಟ ಇಳಿಯುವವರಿಗೂ ಇದೇ ಮಾತು. ಎರಡನೇ ಗೇರಿಗೆ ಹಾಕಿ, ಎಂಜಿನ್ನೇ ಹಿಡಿಯಲಿ, ಬ್ರೇಕ್ ಆಗಾಗ ಒತ್ತಿ ಬಿಡಿ. ನ್ಯೂಟ್ರಲ್‌ನಲ್ಲಿ ಮಾತ್ರ ಇಳಿಯಬೇಡಿ.

ಟ್ರ್ಯಾಕಿನಲ್ಲಿ ಕೊನೇ ಲ್ಯಾಪ್ ನಿಧಾನ ಓಡಿಸಿ ಡಿಸ್ಕ್ ಆರಿಸಿ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಒಂದು ಕಲ್ಲು ಕೊಡಿ.